ಮಾಲ್ಟಾದಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡಬಹುದೇ?

ಮಾಡಬಹುದು, ಸಂಬಳ ದೊಡ್ಡದಿದ್ದರೆ. ಐರೋಪ್ಯ ಒಕ್ಕೂಟದ ಹೊರಗಿನವರಿಗಾಗಿ ಮಾಲ್ಟಾ 2021ರಲ್ಲಿ ‘ನೊಮ್ಯಾಡ್ ರೆಸಿಡೆನ್ಸ್ ಪರ್ಮಿಟ್’ ಶುರುಮಾಡಿತು. ಆಗ ತಿಂಗಳಿಗೆ 2,700 ಯೂರೋ ಆದಾಯ ತೋರಿಸಿದರೆ ಸಾಕಿತ್ತು. 2024ರಲ್ಲಿ ಅದು ವರ್ಷಕ್ಕೆ 42,000 ಯೂರೋಗೆ ಏರಿತು, ಹೆಚ್ಚುಕಡಿಮೆ 40 ಲಕ್ಷ ರೂಪಾಯಿ. ಎಷ್ಟೋ ಟೆಕ್ಕಿಗಳ ಆಸೆ ಇಲ್ಲಿಗೇ ನಿಲ್ಲುತ್ತದೆ. ಪರ್ಮಿಟ್ ಒಂದು ವರ್ಷದ್ದು, ನವೀಕರಿಸಬಹುದು. ಸಂಬಳ ಕೊಡುವ ಕಂಪನಿ ಮಾತ್ರ ಮಾಲ್ಟಾದ ಹೊರಗಿನದೇ ಆಗಿರಬೇಕು.

ಭಾಷೆಯ ತೊಡಕಿಲ್ಲ, ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ. ವಾಹನಗಳೂ ನಮ್ಮಂತೆ ಎಡಗಡೆಯೇ ಓಡುತ್ತವೆ.

ಗಡಿಯಾರ ಮಾತ್ರ ಕಾಡುತ್ತದೆ. ಬೆಂಗಳೂರಿನ ಹತ್ತು ಗಂಟೆಯ ಮೀಟಿಂಗಿಗೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ ಆರೂವರೆಗೆ, ಚಳಿಗಾಲದಲ್ಲಿ ಐದೂವರೆಗೇ ಲ್ಯಾಪ್‌ಟಾಪ್ ತೆರೆಯಬೇಕು. ಮಳೆ ಬೀಳುವುದೂ ಆ ಚಳಿಗಾಲದಲ್ಲೇ. ಫೋಟೋದಲ್ಲಿ ಮನಸೆಳೆಯುವ ಜೇನುಬಣ್ಣದ ಸುಣ್ಣಕಲ್ಲಿನ ಹಳೆಯ ಮನೆಗಳು ಆಗ ತೇವ ಹೀರುತ್ತವೆ. ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು, ಒಗೆದ ಬಟ್ಟೆ ಒಣಗದು. ನದಿಗಳಿಲ್ಲದ ದ್ವೀಪವಾದ್ದರಿಂದ ನಲ್ಲಿ ನೀರಿನ ದೊಡ್ಡ ಪಾಲು ಉಪ್ಪು ತೆಗೆದ ಸಮುದ್ರದ ನೀರು. ಕುಡಿಯಲು ಅನೇಕರು ಬಾಟಲಿ ನೀರನ್ನೇ ಕೊಳ್ಳುತ್ತಾರೆ.

ಸ್ಲೀಮಾ ಪಟ್ಟಣದ ಗದ್ದಲ ಬೇಡವೆನ್ನುವವರಿಗೆ ಗೊಜೊ ದ್ವೀಪವಿದೆ, ಫೆರಿಯಲ್ಲಿ ಅರ್ಧ ಗಂಟೆಯೂ ಇಲ್ಲ. ಎಲ್ಲಿಗೇ ಹೋಗಲಿ, ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮನೆಯನ್ನು ಜನವರಿಯಲ್ಲೊಮ್ಮೆ ನೋಡುವುದು ಒಳ್ಳೆಯದು.