ಹಿಮ ಕೇಳಿದ ಮಕ್ಕಳಿಗೆ ತಾಳವಾಡಿಯ ಸಗಣಿ ಉಂಡೆ

ಹಿಮ ನೋಡಬೇಕೆಂಬ ಹುಚ್ಚು ಹಿಡಿದದ್ದು ಮಕ್ಕಳಿಗಲ್ಲ, ಮೊದಲು ನಮ್ಮ ಅಧ್ಯಾಪಕರ ಕೋಣೆಗೆ. ಹತ್ತನೆಯ ತರಗತಿ ತನಕ ನಮ್ಮಲ್ಲೇ ಕನ್ನಡದಲ್ಲಿ ಕಲಿತು ಈಗ ಕೆನಡಾದ ವ್ಯಾಂಕೂವರಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ಆ ಮಹಾನಗರದ ಬೆನ್ನಿಗೇ ಗ್ರೌಸ್ ಎಂಬ ಬೆಟ್ಟ ಉಂಟಂತೆ. ಜನ ಕಚೇರಿ ಮುಗಿಸಿ, ತಂತಿಯ ಮೇಲೆ ತೂಗುವ ಗಾಡಿಯಲ್ಲಿ ಬೆಟ್ಟವೇರಿ, ಕಾಲಿಗೆ ಸ್ಕೀ ಕಟ್ಟಿಕೊಂಡು ವಿದ್ಯುದ್ದೀಪದ ಬೆಳಕಿನಲ್ಲಿ ಹಿಮದ ಮೇಲೆ ಜಾರುತ್ತಾರೆ. ರಾತ್ರಿ ಊಟಕ್ಕೆ ಮನೆಗೆ ಮರಳುತ್ತಾರೆ. ಚಿತ್ರ ಕಂಡ ನಮ್ಮ ಮಕ್ಕಳು ಸುಮ್ಮನಿರುತ್ತಾರೆಯೇ?

ನಮ್ಮ ದೇಶದಲ್ಲೂ ಗುಲ್ಮಾರ್ಗ್, ಔಲಿ, ಸೋಲಂಗ್ ಎಂಬ ಜಾಗಗಳಿವೆ. ಆದರೆ ಕಾಸರಗೋಡಿನಿಂದ ಅಲ್ಲಿಗೆ ಹೋಗುವುದೆಂದರೆ ಅಧ್ಯಾಪಕರ ಸಂಬಳದ ಮಾತಲ್ಲ. ಕೊನೆಗೆ ಒಂದು ರಾಜಿಯಾಯಿತು. ಹಿಮ ಬೇಡ, ಚಳಿಯಾದರೂ ಸಾಕು. ದೊಡ್ಡ ಪೇಟೆಯಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಂತಹ ಬೆಟ್ಟ ಸಾಕು. ನಮ್ಮಲ್ಲೊಬ್ಬರ ಪತ್ನಿಯ ತವರು ಚಾಮರಾಜನಗರ. ಅವರು ತಾಳವಾಡಿ ಬೆಟ್ಟದ ಹೆಸರು ಹೇಳಿದರು. ಕೇರಳದ ಶಾಲೆಗಳಿಗೆ ದೀಪಾವಳಿಗೆ ಒಂದೇ ದಿನ ರಜೆ. ಉಳಿದ ದಿನಗಳಿಗೆ ಆಕಸ್ಮಿಕ ರಜೆ ಬರೆದುಕೊಟ್ಟು, ನಾಲ್ಕು ಮನೆಯವರು ಸುಳ್ಯ, ಮಡಿಕೇರಿ ದಾರಿಯಾಗಿ ಮೈಸೂರಿಗೆ ಬಸ್ಸು ಹತ್ತಿದೆವು.

ಚಾಮರಾಜನಗರ ದಾಟಿ ಪುಣಜನೂರಿನ ತಪಾಸಣೆ ಠಾಣೆ ಕಳೆದರೆ ತಮಿಳುನಾಡಿನ ಈರೋಡು ಜಿಲ್ಲೆ. ಕಾಡಿನ ನಡುವೆ ಹಾಸನೂರು, ಮುಂದೆ ದಿಂಬಂ. ದಿಂಬಂನಿಂದ ಕೆಳಗೆ ಬಣ್ಣಾರಿಯ ತನಕ 27 ಹಿಮ್ಮುರಿ ತಿರುವುಗಳು. ಕೊಯಮತ್ತೂರಿನವರು ಆ ತಿರುವುಗಳನ್ನೇರಿ ಬರುತ್ತಾರೆ, ಮೈಸೂರಿನವರು ಈ ಕಡೆಯಿಂದ ಬರುತ್ತಾರೆ. ಎರಡು ಪೇಟೆಗಳಿಗೂ ಹೆಚ್ಚುಕಡಿಮೆ ನೂರು ಕಿಲೋಮೀಟರು. ಹಾಸನೂರಿನ ಸುತ್ತ ವಸತಿಗೃಹಗಳೆದ್ದಿವೆ. ಇದು 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲದ ಕಾಡು. ಕಾಡುಪ್ರಾಣಿಗಳು ವಾಹನದಡಿ ಸಿಕ್ಕಿ ಸಾಯುತ್ತಿದ್ದುದರಿಂದ 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು.

ದಿಂಬಂನಲ್ಲಿ ಮಂಜು ಸಿಕ್ಕಿತು, ಚಳಿಯೂ ಸಿಕ್ಕಿತು. ಮಕ್ಕಳು ಬಾಯಿಂದ ಹೊಗೆ ಬಿಟ್ಟು ಸಂತೋಷಪಟ್ಟರು. ಅರ್ಧ ಗಂಟೆಯಲ್ಲಿ ಬಿಸಿಲೇರಿ ಮಂಜು ಕರಗಿತು. “ಇಷ್ಟೇಯಾ?” ಎಂದು ಚಿಕ್ಕವನೊಬ್ಬ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಪೇಟೆಯಿಂದ ಬಂದ ಕಾರಿನವರು ಮಾತ್ರ ತಿರುವಿನ ಅಂಚಿನಲ್ಲಿ ಚಿತ್ರ ತೆಗೆಸಿಕೊಂಡು, ಚಹಾ ಕುಡಿದು ಹಿಂದಿರುಗುತ್ತಿದ್ದರು. ಆ ಚಹಾದಂಗಡಿಯ ಮುದುಕ ಮನೆಯವಳನ್ನು ಕರೆದದ್ದು ಕನ್ನಡದಲ್ಲಿ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ, ನಮ್ಮ ಕಿವಿಗಂತೂ ಬಿತ್ತು.

ಮಾರನೆಯ ದಿನ, ಅಂದರೆ ಬಲಿಪಾಡ್ಯಮಿಯ ಮರುದಿನ, ಗುಮಟಾಪುರಕ್ಕೆ ಹೋದೆವು. ತಾಳವಾಡಿ ತಾಲೂಕಿನ ಹಳ್ಳಿ ಅದು. ಅಂದು ಅಲ್ಲಿ ಗೊರೆಹಬ್ಬ. ದನ ಸಾಕಿದ ಮನೆಗಳಿಂದೆಲ್ಲ ಸಗಣಿ ಕೂಡಿಸಿ, ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಬಳಿ ಗುಡ್ಡೆ ಹಾಕುತ್ತಾರೆ. ಗುಡ್ಡೆಯೆಂದರೆ ನಮ್ಮ ಹಟ್ಟಿಯ ಗೊಬ್ಬರದ ರಾಶಿಯಲ್ಲ, ಒಂದು ಸಣ್ಣ ಬೆಟ್ಟ. ಹುಲ್ಲಿನ ಗಡ್ಡಮೀಸೆ ಕಟ್ಟಿದ ಚಾಡಿಕೋರನನ್ನು ಕತ್ತೆಯ ಮೇಲೆ ಕುಳ್ಳಿರಿಸಿ ಮೆರವಣಿಗೆ. ಊರಿನ ಚಾಡಿಗೆಲ್ಲ ಅವನೊಬ್ಬನೇ ಹೊಣೆ! (ನಮ್ಮ ಅಧ್ಯಾಪಕರ ಕೋಣೆಗೂ ವರ್ಷಕ್ಕೊಮ್ಮೆ ಇಂತಹ ಏರ್ಪಾಡು ಬೇಕು ಎಂದು ಹಿರಿಯರೊಬ್ಬರು ಹೇಳಿದ್ದನ್ನು ಇಲ್ಲಿ ಬರೆಯದಿರಲಾಗಲಿಲ್ಲ.) ಪೂಜೆಯಾದ ಮೇಲೆ ಗಂಡಸರು, ಹುಡುಗರು ಅಂಗಿ ಕಳಚಿ ರಾಶಿಗೆ ಧುಮುಕಿದರು. ಉಂಡೆ ಕಟ್ಟುವುದು, ಎಸೆಯುವುದು, ಬಗ್ಗುವುದು, ಮತ್ತೆ ಕಟ್ಟುವುದು. ಹೆಂಗಸರು ದೂರ ನಿಂತು ನಗುತ್ತಿದ್ದರು. ಲಿಂಗವೊಂದು ಸಗಣಿಯ ತಿಪ್ಪೆಯಲ್ಲಿ ಸಿಕ್ಕಿತೆಂಬ ಕಥೆಯಿಂದ ಈ ಹಬ್ಬ ಬಂದಿದೆ. ಮೈಗೆ ಸಗಣಿ ತಾಗಿದರೆ ರೋಗ ಹೋಗುತ್ತದೆಂದು ಅವರ ನಂಬಿಕೆ. ವಿಜ್ಞಾನದ ಅಧ್ಯಾಪಕರು ಬಾಯಿ ತೆರೆದರು. ಅಷ್ಟರಲ್ಲಿ ಒಂದು ಉಂಡೆ ಹಾರಿಬಂದದ್ದರಿಂದ ಮುಚ್ಚಿಕೊಂಡರು.

ನಮ್ಮ ಮಕ್ಕಳು ಮೊದಲು ಮೂಗು ಮುಚ್ಚಿದರು. ಐದು ನಿಮಿಷದಲ್ಲಿ ಚಿಕ್ಕವನು ನಮ್ಮ ಕೈ ಬಿಡಿಸಿಕೊಂಡು ಓಡಿದ. “ಇದು ಸ್ನೋ ಫೈಟೇ!” ಎಂದು ಕೂಗುತ್ತಿದ್ದ. ವ್ಯಾಂಕೂವರಿನ ಚಿತ್ರದಲ್ಲಿ ಕಂಡ ಆಟವೇ ಹೌದು, ಬಣ್ಣ ಮಾತ್ರ ಬೇರೆ.

ನಮ್ಮ ಪಕ್ಕದಲ್ಲಿ ನಿಂತಿದ್ದ ರೈತರೊಬ್ಬರು ಕೇಳಿದರು: “ಯಾವೂರವ್ರು ಸಾ? ಕರ್ನಾಟಕ್ದವ್ರಾ?”

“ಅಲ್ಲ, ಕೇರಳದವರು.”

“ಕೇರಳದವ್ರು ಕನ್ನಡ ಮಾತಾಡ್ತೀರಾ?”

“ನೀವು ತಮಿಳುನಾಡಿನವರು ಆಡುವುದಿಲ್ಲವೇ?”

ಇಬ್ಬರಿಗೂ ನಗು ಬಂತು. ಆಮೇಲಿನ ಮಾತು ಹಳೆಯ ನೆಂಟರದ್ದರಂತೆ ಸಾಗಿತು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಸೇರಲಿಲ್ಲ. ಅದೇ ದಿನ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಇಲ್ಲಿಂದ ಚಾಮರಾಜನಗರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಜಿಲ್ಲಾ ಕೇಂದ್ರ ಈರೋಡಿಗೆ ನೂರಕ್ಕೂ ಮಿಕ್ಕಿ. ತಾಲೂಕು ಎಂದಾದದ್ದೂ 2016ರಲ್ಲಿ. ಡಾ. ರಾಜಕುಮಾರರನ್ನು 2000ನೇ ಜುಲೈ 30ರಂದು ವೀರಪ್ಪನ್ ಅಪಹರಿಸಿದ್ದು ಇದೇ ಸೀಮೆಯ ಗಾಜನೂರಿನ ಮನೆಯಿಂದ. ಆಗ ಕರ್ನಾಟಕದ ಪತ್ರಿಕೆಗಳ ಮೊದಲ ಪುಟದಲ್ಲಿ ನೂರೆಂಟು ದಿನ ಇದ್ದ ಊರು ಅದು.

ಆ ರೈತರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನನ್ನು ಕನ್ನಡ ಶಾಲೆಗೆ ಹಾಕಿದ್ದರು, ಚಿಕ್ಕವನನ್ನು ತಮಿಳಿಗೆ ಹಾಕಿದ್ದಾರೆ. “ಆಪೀಸ್ ಕಾಗದ ಎಲ್ಲಾ ತಮಿಳಲ್ಲೇ ಬತ್ತದೆ ಸಾ. ದೊಡ್ಡೋನ್ ಓದ್ಲಾರ, ಚಿಕ್ಕೋನ್ ಓದ್ತಾನೆ. ಮನೇಲಿ ಒಬ್ಬ ಇರಬೇಕಲ್ಲ,” ಎಂದರು. ಬೇಸರದಿಂದ ಹೇಳಲಿಲ್ಲ. ಒಂದು ಹೊಲಕ್ಕೆ ರಾಗಿ, ಇನ್ನೊಂದಕ್ಕೆ ಕೋಸು ಹಾಕಿದೆ ಎಂಬಂತೆ ಹೇಳಿದರು. ತಮಿಳುನಾಡಿನಲ್ಲಿ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯವಾಗಬೇಕೆಂಬ ಕಾಯಿದೆ 2006ರದು. ಮಲೆಯಾಳ ಕಡ್ಡಾಯದ ಕಾಯಿದೆ ನಮ್ಮಲ್ಲಿ 2017ರಲ್ಲಿ ಬಂದಾಗ ನಾವು ಮೆರವಣಿಗೆ ಹೋದೆವು, ಮನವಿ ಕೊಟ್ಟೆವು. ಅದೆಲ್ಲವನ್ನೂ ಅವರಿಗೆ ವಿವರಿಸಿದೆವು. ಅವರು ಕೇಳಿ, ಬಹಳ ಸಹಜವಾಗಿ, “ನಿಮ್ ಮಕ್ಳೂ ಕನ್ನಡ ಸಾಲೆಯಲ್ಲೇ ಓದ್ತವಾ?” ಎಂದರು.

ನಾವು ನಾಲ್ವರು ಕನ್ನಡ ಮಾಧ್ಯಮದ ಅಧ್ಯಾಪಕರು. ನಾಲ್ವರಲ್ಲಿ ಇಬ್ಬರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಸಗಣಿಯಲ್ಲಿ ಮುಳುಗಿ ಏಳುತ್ತಿದ್ದ ಆ ಚಿಕ್ಕವನೂ ಅವರಲ್ಲೊಬ್ಬ. “ಕೆಲವರು ಓದುತ್ತಾರೆ” ಎಂದೆವು. ಅವರು ಮತ್ತೆ ಕೇಳಲಿಲ್ಲ. ಆಟದ ಕಡೆಗೆ ನೋಡತೊಡಗಿದರು.

ಅಲ್ಲಿ ಅವರ ಚಿಕ್ಕ ಮಗ ಮತ್ತು ನಮ್ಮ ಚಿಕ್ಕವನು ಒಂದೇ ಪಕ್ಷ ಸೇರಿದ್ದರು. ಒಬ್ಬನಿಗೆ ಕನ್ನಡ ಅಕ್ಷರ ಬರುವುದಿಲ್ಲ, ಇನ್ನೊಬ್ಬನಿಗೆ ಒತ್ತಕ್ಷರ ಬರುವುದಿಲ್ಲ. “ಬಗ್ಗೋ, ಬಗ್ಗೋ! ಹಿಂದಿಂದ ಬತ್ತಾವ್ನೆ!” ಎಂದು ಆ ಹುಡುಗ ಅರಚುತ್ತಿದ್ದ. ನಮ್ಮವನು “ಎಲ್ಲಿ ಮಾರಾಯ?” ಎಂದು ತಿರುಗುವಷ್ಟರಲ್ಲಿ ಮುಖದ ತುಂಬ ಬಿತ್ತು.

ಆಟ ಮುಗಿದ ಮೇಲೆ ಎಲ್ಲರೂ ಕೆರೆಯಲ್ಲಿ ಮಿಂದರು. ಮೂರು ಸಲ ಸಾಬೂನು ಹಾಕಿದರೂ ವಾಸನೆ ಹೋಗಲಿಲ್ಲ. ಚಾಮರಾಜನಗರದ ಬಸ್ಸಿನಲ್ಲಿ ನಮ್ಮ ಸುತ್ತ ಎರಡು ಸಾಲು ಆಸನ ಖಾಲಿ ಬಿದ್ದಿತ್ತು, ಆರಾಮವಾಗಿ ಕುಳಿತು ಬಂದೆವು. ಚಿಕ್ಕವನು ಆ ಹುಡುಗನಿಗೆ ಕಾಗದ ಬರೆಯುತ್ತೇನೆಂದು ವಿಳಾಸ ತಂದಿದ್ದ. ವಿಳಾಸ ತಮಿಳಿನಲ್ಲಿತ್ತು. ಕಾಗದ ಯಾವ ಅಕ್ಷರದಲ್ಲಿ ಬರೆಯಬೇಕೆಂದು ಮಡಿಕೇರಿ ತನಕ ನಮ್ಮನ್ನು ಕೇಳುತ್ತಲೇ ಇದ್ದ.