ನೂಲಿಲ್ಲದ ನೂಲು

ನೆಮ್ಯಾಟಿಕ್ ಎಂಬ ಪಾರಿಭಾಷಿಕ ಪದದ ಬೇರು ನೂಲು ಎಂಬ ಅರ್ಥದ ಗ್ರೀಕ್ ಶಬ್ದದಲ್ಲಿದ್ದು, ಫ್ರಾನ್ಸಿನ ಜಾರ್ಜ್ ಫ್ರೀಡೆಲ್ 1922ರಲ್ಲಿ ದ್ರವಸ್ಫಟಿಕಗಳ ಒಂದು ಬಗೆಗೆ ಆ ಹೆಸರಿಟ್ಟದ್ದು ಸೂಕ್ಷ್ಮದರ್ಶಕದಲ್ಲಿ ಎಳೆಗಳಂತೆ ತೋರಿದ ಗೆರೆಗಳನ್ನು ಕಂಡು. ಆ ಗೆರೆಗಳಾದರೋ ಅಣುಗಳ ಸಾಲಲ್ಲ, ಸಾಲು ತಪ್ಪಿದ ಜಾಗಗಳು. ಶಿಸ್ತಿಗೆ ಸಿಕ್ಕ ಹೆಸರು ಅಶಿಸ್ತಿನದು. ಈ ಸ್ಥಿತಿಯಲ್ಲಿ ಕಡ್ಡಿಯಾಕಾರದ ಅಣುಗಳು ದ್ರವದಂತೆ ಹರಿದಾಡುತ್ತಿದ್ದರೂ ಸುಮಾರಾಗಿ ಒಂದೇ ದಿಕ್ಕಿಗೆ ಒರಗಿರುತ್ತವೆ, ಎಂದರೆ ಸ್ಥಾನಕ್ಕೆ ಕಟ್ಟಿಲ್ಲ, ದಿಕ್ಕಿಗೆ ಮಾತ್ರ ಇದೆ.

ಶಿಡ್ಲಘಟ್ಟದ ಫಿಲೇಚರುಗಳಲ್ಲಿ ಬೆಂದ ಗೂಡಿನಿಂದ ಬಿಚ್ಚಿಕೊಳ್ಳುವ ರೇಷ್ಮೆ ಎಳೆಗೂ ಇದಕ್ಕೂ ಇರುವ ನಂಟು ಪದದ್ದಷ್ಟೇ ಅಲ್ಲ: ರೇಷ್ಮೆಹುಳುವಿನ ಗ್ರಂಥಿಯ ಪ್ರೋಟೀನ್ ದ್ರಾವಣ ಗಟ್ಟಿಯಾಗುತ್ತ ಹೋದಂತೆ ನೆಮ್ಯಾಟಿಕ್ ಆಗುವುದು 1991ರಲ್ಲಿ ವರದಿಯಾಯಿತು. ಅದಕ್ಕೂ ಮೊದಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಕಡ್ಡಿಗಳ ಬದಲು ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗುತ್ತದೆಂದು ತೋರಿಸಿದರು.

ಎಲೆಕ್ಟ್ರಾನಿಗೆ ಕಡ್ಡಿಯ ಆಕಾರವೂ ಇಲ್ಲ, ಬಿಲ್ಲೆಯದೂ ಇಲ್ಲ. ಆದರೂ ಎಲೆಕ್ಟ್ರಾನುಗಳ ಸಮೂಹವು ಹರಿಯುತ್ತಲೇ ಒಂದು ದಿಕ್ಕನ್ನು ಆರಿಸಿಕೊಳ್ಳಬಲ್ಲದೆಂದು 1998ರಲ್ಲಿ ಭೌತವಿಜ್ಞಾನಿಗಳಾದ ಕಿವೆಲ್ಸನ್, ಫ್ರಾಡ್ಕಿನ್, ಎಮರಿ ವಾದಿಸಿದರು. 2008ರಲ್ಲಿ ಜಪಾನಿನ ಹಿಡಿಯೊ ಹೊಸೊನೊ ತಂಡವು 26 ಕೆಲ್ವಿನ್‌ನಲ್ಲಿ ವಿದ್ಯುತ್ ರೋಧವನ್ನೇ ಕಳೆದುಕೊಳ್ಳುವ, ಅಂದರೆ ಅತಿವಾಹಕವಾಗುವ, ಕಬ್ಬಿಣದ ಸಂಯುಕ್ತವನ್ನು ಪ್ರಕಟಿಸಿದ ಮೇಲೆ ಆ ವಾದಕ್ಕೆ ಒಳ್ಳೆಯ ನೆಲ ದೊರೆಯಿತು. ಈ ಬಗೆಯ ಸ್ಫಟಿಕಗಳನ್ನು ತಣಿಸಿದಾಗ ಪರಮಾಣುಗಳ ಚೌಕ ಜಾಲವು ಶೇಕಡಾ ಒಂದಕ್ಕಿಂತ ಕಡಿಮೆ ಹಿಗ್ಗಿ ಆಯತವಾಗುತ್ತದೆ. ಆದರೆ ಸ್ಫಟಿಕದ ಒಂದು ತುಣುಕು ಹಾಸಿನ ಕಡೆಗೂ ಪಕ್ಕದ ತುಣುಕು ಹೊಕ್ಕಿನ ಕಡೆಗೂ ಹಿಗ್ಗುವುದರಿಂದ, ಹಾಸುಹೊಕ್ಕು ಸಮವಾದ ಬಟ್ಟೆಯಂತೆ, ಒಟ್ಟಾರೆ ಅಳತೆಯಲ್ಲಿ ಭೇದ ಅಳಿಸಿಹೋಗುತ್ತದೆ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಯಾನ್ ಫಿಶರ್ ತಂಡವು ಸ್ಫಟಿಕವನ್ನು ಮೆಲ್ಲಗೆ ಒತ್ತಿ ತುಣುಕುಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿದಾಗ, ಎರಡು ದಿಕ್ಕುಗಳ ರೋಧದಲ್ಲಿ ಸುಮಾರು ಎರಡು ಪಟ್ಟಿನವರೆಗೂ ವ್ಯತ್ಯಾಸ ಕಂಡಿತು. ಜಾಲದ ಅಷ್ಟು ಸಣ್ಣ ಬದಲಾವಣೆ ಇಷ್ಟಕ್ಕೆ ಕಾರಣವಾಗಲಾರದು. ಅದೇ ತಂಡದ 2012ರ ಪ್ರಯೋಗದಲ್ಲಿ, ಅಷ್ಟೇ ಎಳೆತಕ್ಕೆ ಎಲೆಕ್ಟ್ರಾನುಗಳು ತೋರುವ ಸ್ಪಂದನೆ ತಣಿದಂತೆ ವಿಪರೀತ ಬೆಳೆದು, ಮುಂದಾಳು ಎಲೆಕ್ಟ್ರಾನು, ಜಾಲ ಹಿಂಬಾಲಕ ಎಂಬುದು ಸ್ಪಷ್ಟವಾಯಿತು.

ನೆಮ್ಯಾಟಿಕ್ ಸ್ಥಿತಿಯೇ ಅತಿವಾಹಕತೆಯ ತಾಯಿಯೆಂಬ ಉತ್ಸಾಹದ ಮಾತನ್ನು ಮಾತ್ರ ತೂಗಿ ನೋಡಬೇಕು. ಕಬ್ಬಿಣದ ಸೆಲೆನೈಡ್ 90 ಕೆಲ್ವಿನ್‌ನಲ್ಲಿ ನೆಮ್ಯಾಟಿಕ್ ಆಗಿ, ಸುಮಾರು 9ರಲ್ಲಿ ಅತಿವಾಹಕವಾಗುತ್ತದೆ. ಅದರ ಸೆಲೆನಿಯಮ್‌ನಲ್ಲಿ ಸುಮಾರು ಶೇಕಡಾ 17 ಭಾಗವನ್ನು ತೆಗೆದು ಗಂಧಕ ಇಟ್ಟರೆ ನೆಮ್ಯಾಟಿಕ್ ವ್ಯವಸ್ಥೆ ಅಳಿಯುತ್ತದೆ, ಆ ಅಂಚಿನಲ್ಲಿ ಏರಬೇಕೆಂದು ನಿರೀಕ್ಷಿಸಿದ್ದ ಅತಿವಾಹಕ ತಾಪಮಾನ ಏರುವುದಿಲ್ಲ.