ಬೀದಿಯಿಲ್ಲದ ಬಾಗಿಲು

ಬಾಗಿಲೆಂದ ಮೇಲೆ ಅದರಾಚೆ ಬೀದಿಯಿರಬೇಕು. ಬೀದಿಯೇ ಇಲ್ಲದ ಕಡೆಗೆ ಯಾರಾದರೂ ಬಾಗಿಲಿಟ್ಟರೆ ಅವರ ಬುದ್ಧಿಯನ್ನು ನಾವು ಶಂಕಿಸುತ್ತೇವೆ. ಆದರೆ ಗಣಕಯಂತ್ರಗಳ ಪ್ರಪಂಚದಲ್ಲಿ ಇಂತಹ ಬಾಗಿಲುಗಳನ್ನು ತಿಳಿದು ತಿಳಿದೇ ಇಡುತ್ತಾರೆ. ಇದೇಕೆಂದು ಅರಿಯಬೇಕಾದರೆ 1994ನೆಯ ಇಸವಿಗೆ ಹಿಂದಿರುಗಬೇಕು.

ಗಣಕಯಂತ್ರವು ಹೊರಗಿನ ಜಾಲದೊಡನೆ ವ್ಯವಹರಿಸುವ ದ್ವಾರಕ್ಕೆ ಇಂಟರ್‌ಫೇಸ್ ಎಂದು ಹೆಸರು. ಯಂತ್ರದ ವಿಳಾಸವನ್ನು ಈ ದ್ವಾರಕ್ಕೇ ಕೊಡಲಾಗುತ್ತದೆ. ಆ ಕಾಲದಲ್ಲಿ ಅನೇಕ ಯಂತ್ರಗಳು ದೂರವಾಣಿಯ ತಂತಿಯ ಮೂಲಕ ಆಗೊಮ್ಮೆ ಈಗೊಮ್ಮೆ ಮಾತ್ರ ಜಾಲವನ್ನು ಸೇರುತ್ತಿದ್ದವು. ಕರೆ ಮುಗಿಯಿತೆಂದರೆ ದ್ವಾರವೂ ಮಾಯ, ಅದರೊಡನೆ ವಿಳಾಸವೂ ಮಾಯ! ಆಗ ಯಂತ್ರವು ಎಲ್ಲ ಯಂತ್ರಗಳಿಗೂ ಸಮಾನವಾದ ‘ಲೋಕಲ್‌ಹೋಸ್ಟ್’ ಎಂಬ ಹೆಸರಿಗೆ ಓಗೊಡುತ್ತಿತ್ತೇ ಹೊರತು ತನ್ನ ಸ್ವಂತ ಹೆಸರಿಗಲ್ಲ. ಈ ತೊಂದರೆಯನ್ನು ವಿವರಿಸಿ ನಿಕ್ ಹಾಲೊವೇ ಎಂಬವರು 1994ರ ಮೇ 27ರಂದು ಬರೆದ ಟಿಪ್ಪಣಿಯು, ಲಿನಕ್ಸ್‌ನಲ್ಲಿ ‘ಡಮ್ಮಿ’ ಎಂಬ ಪುಟ್ಟ ಭಾಗದ ಮೊದಲಲ್ಲಿ ಇಂದಿಗೂ ಇದೆ.

ಡಮ್ಮಿ ಎಂದರೆ ಹುಸಿ. ಈ ಹುಸಿದ್ವಾರಕ್ಕೆ ಹೆಸರುಂಟು, ವಿಳಾಸವುಂಟು. ತಂತಿ ಮಾತ್ರ ಇಲ್ಲ. ಅದರ ಮೂಲಕ ಹೊರಗೆ ಕಳುಹಿಸಿದ ಸಂದೇಶದ ಪೊಟ್ಟಣಗಳನ್ನು ಅದು ಎಣಿಸಿ ಎಸೆದುಬಿಡುತ್ತದೆ. ಆದರೆ ಅದರ ಸ್ವಂತ ವಿಳಾಸಕ್ಕೆ ಬರೆದ ಪೊಟ್ಟಣವನ್ನು ‘ಇದು ನಮ್ಮ ಮನೆಯದೇ’ ಎಂದು ಯಂತ್ರವು ಒಳಗೇ ಬರಮಾಡಿಕೊಳ್ಳುತ್ತದೆ. ತಂತಿಯೇ ಇಲ್ಲದ ದ್ವಾರಕ್ಕೆ ತಂತಿ ಕಡಿಯುವ ಭಯವೆಲ್ಲಿ? ಆದ್ದರಿಂದ, ಎರಡು ತಂತಿಗಳಿಂದ ಜಾಲಕ್ಕೆ ಸೇರಿದ ಯಂತ್ರದ ಮುಖ್ಯ ವಿಳಾಸವನ್ನು ಇಂದಿಗೂ ಹುಸಿದ್ವಾರಕ್ಕೆ ಕೊಟ್ಟು, ಅದನ್ನು ಸುತ್ತಲಿನ ರೂಟರ್‌ಗಳಿಗೆ ಸಾರುವುದುಂಟು. ಒಂದು ತಂತಿ ಕಡಿದರೆ ಅವು ಇನ್ನೊಂದರ ಮೂಲಕ ಅದೇ ವಿಳಾಸವನ್ನು ತಲಪುತ್ತವೆ.

ಇಂತಹ ದ್ವಾರಗಳು ಎಷ್ಟು ಬೇಕೆಂದು ಹೇಳುವುದು ಹೇಗೆ? ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನ ತಿರುಳಿಗೆ ಕರ್ನೆಲ್ ಎಂದು ಹೆಸರು. ಅದು ಎಲ್ಲವನ್ನೂ ಸದಾ ಹೊತ್ತುಕೊಂಡಿರುವ ಬದಲು, ಬೇಕಾದ ಭಾಗಗಳನ್ನು ಬೇಕಾದಾಗ ಒಳಗೆ ಸೇರಿಸಿಕೊಳ್ಳಬಲ್ಲದು. ಈ ಭಾಗಗಳೇ ಮಾಡ್ಯೂಲ್‌ಗಳು. ಮಾಡ್ಯೂಲನ್ನು ಒಳಗೆ ಬಿಡುವಾಗ ಅದರ ಕಿವಿಯಲ್ಲಿ ಒಂದು ಮಾತು ಹೇಳಬಹುದು. ‘ಮಾಡ್‌ಪ್ರೋಬ್ ಡಮ್ಮಿ ನಮ್‌ಡಮ್ಮೀಸ್=2’ ಎಂದರೆ ಡಮ್ಮಿ0, ಡಮ್ಮಿ1 ಎಂಬ ಎರಡು ದ್ವಾರಗಳು ಹುಟ್ಟುತ್ತವೆ; ಏನೂ ಹೇಳದಿದ್ದರೆ ಒಂದು. ಪ್ರತಿ ಸಲವೂ ಹೇಳುವ ಶ್ರಮ ಬೇಡವೆಂದರೆ, ‘ಮಾಡ್‌ಪ್ರೋಬ್.ಡಿ’ ಎಂಬ ಕೋಶದ ಕಡತವೊಂದರಲ್ಲಿ ‘ಆಪ್ಷನ್ಸ್ ಡಮ್ಮಿ ನಮ್‌ಡಮ್ಮೀಸ್=2’ ಎಂದು ಬರೆದಿಟ್ಟರೆ ಸಾಕು.

ಹೊಸಬರು ಎಡವುವುದು ಇಲ್ಲಿಯೇ. ಮದುವೆ ಮನೆಯ ಅಡಿಗೆಯವನಿಗೆ ಎಲೆಗಳ ಲೆಕ್ಕವನ್ನು ಒಲೆ ಹೊತ್ತಿಸುವ ಮೊದಲೇ ಹೇಳಬೇಕು. ಅನ್ನ ಬೆಂದ ಮೇಲೆ ಚೀಟಿಯಲ್ಲಿ ನೂರನ್ನು ಇನ್ನೂರೆಂದು ತಿದ್ದಿದರೆ ಅನ್ನ ಹೆಚ್ಚೀತೆ? ಮಾಡ್ಯೂಲ್ ಕೂಡ ಈ ಮಾತನ್ನು ಒಳಬರುವಾಗ ಒಮ್ಮೆ ಮಾತ್ರ ಕೇಳುತ್ತದೆ. ಅನಂತರ ಕಡತದಲ್ಲಿ 2ನ್ನು 3 ಎಂದು ತಿದ್ದಿದರೆ ಏನೂ ಆಗದು, ಎಚ್ಚರಿಕೆಯೂ ಬಾರದು. ಮಾಡ್ಯೂಲನ್ನು ಹೊರಗೆ ಕಳುಹಿಸಿ ಮತ್ತೆ ಕರೆದರೆ ಹೊಸ ಲೆಕ್ಕವೇನೋ ಜಾರಿಗೆ ಬರುತ್ತದೆ. ಆದರೆ ಅದು ಹೊರಹೋಗುವಾಗ ಹಳೆಯ ದ್ವಾರಗಳನ್ನೂ ಅವುಗಳ ವಿಳಾಸಗಳನ್ನೂ ಅಳಿಸಿಯೇ ಹೋಗುತ್ತದೆ! ದೂರದೂರಿನವರು ಆ ವಿಳಾಸವನ್ನು ನಂಬಿ ಕೆಲಸ ನಡೆಸುತ್ತಿದ್ದರೆ ಅವರ ಗತಿಯೇನು? ಅಂತಹ ಕಡೆ ‘ಐಪಿ ಲಿಂಕ್ ಆಡ್ ಡಮ್ಮಿ2 ಟೈಪ್ ಡಮ್ಮಿ’ ಎಂಬ ಆಜ್ಞೆಯೇ ಕ್ಷೇಮ. ಅದು ಹಳೆಯದನ್ನು ಮುಟ್ಟದೆ ಹೊಸದೊಂದನ್ನು ಸೇರಿಸುತ್ತದೆ.

ಇನ್ನೊಂದು ಮಾತು. ಇಂದಿನ ಅನೇಕ ಲಿನಕ್ಸ್ ಯಂತ್ರಗಳಲ್ಲಿ ಮೇಲ್ವಿಚಾರಣೆ ನಡೆಸುವ ‘ಸಿಸ್ಟಮ್‌ಡಿ’ ಎಂಬ ವ್ಯವಸ್ಥೆಯು ನಮ್‌ಡಮ್ಮೀಸ್=0 ಎಂದು ತಾನೇ ಬರೆದಿಟ್ಟಿರುತ್ತದೆ. ಅಲ್ಲಿ ಏನೂ ಹೇಳದೆ ಮಾಡ್ಯೂಲನ್ನು ಕರೆದವನಿಗೆ ಒಂದು ದ್ವಾರವೂ ಕಾಣದು. ಯಜಮಾನನು ಬಯಸಿ ಮಾಡಿಸಿದ ದ್ವಾರ ಯಾವುದು, ತಾನಾಗಿಯೇ ಹುಟ್ಟಿಕೊಂಡದ್ದು ಯಾವುದು ಎಂಬ ಗೊಂದಲವನ್ನು ತಪ್ಪಿಸಲು ಈ ಏರ್ಪಾಡು.

ಆದುದರಿಂದ ಆಜ್ಞೆ ಕೊಟ್ಟವರು ‘ಐಪಿ ಲಿಂಕ್’ ಎಂದು ಕೇಳಿ, ದ್ವಾರಗಳನ್ನು ಎಣಿಸಿ ನೋಡುವುದು ಲೇಸು. ಲೆಕ್ಕ ತಪ್ಪಿದರೆ ಯಂತ್ರವನ್ನು ಅವಿಧೇಯವೆಂದು ಬೈಯಬೇಕಾಗಿಲ್ಲ. ಕೇಳುವ ಹೊತ್ತಿನಲ್ಲಿ ಹೇಳಿದ್ದನ್ನು ಅದು ತಪ್ಪದೆ ಮಾಡುತ್ತದೆ. ಆ ಹೊತ್ತು ಯಾವುದೆಂದು ಅರಿಯುವುದು ನಮ್ಮ ಪಾಲಿನ ಕೆಲಸ.